ಹೊಗೆಗೆ ದಾರಿ ಯಾವುದು? ವೇಲ್ಸ್‌ನ ಹಳೇ ರೈತರ ಮನೆಯ ಕತೆ

ಬ್ರಿಟನ್ನಿನ ವೇಲ್ಸ್ ನಾಡಿನ ರಾಜಧಾನಿ ಕಾರ್ಡಿಫ್ ನಗರದ ಪಡುವಣ ಅಂಚಿನಲ್ಲಿ ಸೇಂಟ್ ಫ್ಯಾಗನ್ಸ್ ಅನ್ನುವ ಹಳ್ಳಿ ಇದೆ. ಹಳೇ ಮನೆಗಳನ್ನು ಬೇರೆ ಊರುಗಳಿಂದ ತಂದು ನಿಲ್ಲಿಸಿರುವ ಅಲ್ಲಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಉದ್ದಕ್ಕೆ, ತಗ್ಗಾಗಿ ಮಲಗಿದಂತಿರುವ ಹುಲ್ಲು ಮಾಡಿನ ಮನೆಯೊಂದನ್ನು ನೋಡಿದೆ. ಗೋಡೆಯಲ್ಲಿ ಓಕ್ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಮೆತ್ತಿದ ಮಣ್ಣು. ಕಿಟಕಿಗಳಿಗೆ ಗಾಜಿಲ್ಲ. ಮಾಡಿನ ಮೇಲೆ ಚಿಮಣಿಯೂ ಇಲ್ಲ.

ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ಸುಮ್ನೆ ನಿಲ್ಲಬೇಕು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಒಲೆ ಕಾಣುತ್ತದೆ, ಅದೂ ಹಜಾರದ ನಟ್ಟನಡುವೆ, ಬರೀ ಮಣ್ಣು ನೆಲದ ಮೇಲೆ. ತಲೆ ಎತ್ತಿದರೆ ಅಟ್ಟ ಇಲ್ಲ, ಮಹಡಿ ಇಲ್ಲ. ಮಾಡಿನ ನೆತ್ತಿಯವರೆಗೂ ಖಾಲಿ. ಇಂಥ ಚಳಿ ದೇಶದಲ್ಲಿ ಇಷ್ಟು ಎತ್ತರದ ಖಾಲಿ ಜಾಗವನ್ನು ಯಾಕೆ ಬಿಟ್ಟರು ಅಂತ ಮೊದಲು ಅನಿಸುವುದು ಸಹಜ. ಉತ್ತರ ಆ ಒಲೆಯಲ್ಲೇ ಇದೆ. ಆ ಜಾಗ ಹೊಗೆಗಾಗಿ ಬಿಟ್ಟದ್ದು.

ವೇಲ್ಸ್‌ನ ಹಳೇ ರೈತರ ಮನೆಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಅತಿ ಸುಲಭದ ಕೀಲಿ ಇದು. ಮನೆ ನೋಡಿದ ಕೂಡಲೇ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಹೊಗೆ ಎಲ್ಲಿಂದ ಆಚೆ ಹೋಗುತ್ತಿತ್ತು? ಅದೊಂದು ಗೊತ್ತಾದರೆ ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ, ಮಹಡಿ ಯಾಕಿದೆ, ಯಾರು ಎಲ್ಲಿ ಮಲಗುತ್ತಿದ್ದರು ಅನ್ನುವುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ನಾನು ನೋಡಿದ ಮನೆಯ ಹೆಸರು ಹೆಂದ್ರೆರ್ ಅವಿದ್ ಇಖಾವ್. ಅದು ಮೊದಲು ನಿಂತಿದ್ದದ್ದು ವೇಲ್ಸ್‌ನ ಈಶಾನ್ಯದಲ್ಲಿ, ಡೆನ್ಬಿಶೈರ್‌ನ ಲ್ಯಾಂಗನ್ಹಾವಲ್ ಎಂಬಲ್ಲಿ. ‘ಇಖಾವ್’ ಅಂದರೆ ಮೇಲಿನದು. ‘ಹೆಂದ್ರೆ’ ಅಂದರೆ ಚಳಿಗಾಲದ ಖಾಯಂ ಮನೆ. ಬೇಸಿಗೆ ಬಂದರೆ ದನಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೊಂದು ಸಣ್ಣ ಮನೆಯಲ್ಲಿ ಇರುತ್ತಿದ್ದರು. ಅದಕ್ಕೆ ‘ಹಾವೊದ್’ ಅಂತ ಹೆಸರು, ಬೇಸಿಗೆ ಬಿಡಾರ. ಇವತ್ತಿಗೂ ವೇಲ್ಸ್‌ನ ಊರು, ತೋಟ, ಮನೆಗಳ ಹೆಸರಿನಲ್ಲಿ ಈ ಎರಡೂ ಪದ ಹೆಜ್ಜೆಹೆಜ್ಜೆಗೂ ಸಿಗುತ್ತವೆ.

ಮನೆ ಕಟ್ಟಿದ್ದು 1508ರಲ್ಲಿ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು ಅದರ ಮರುವರ್ಷ. ಒಬ್ಬ ರೈತನ ಮನೆಗೆ ಇಷ್ಟು ಕರಾರುವಾಕ್ಕಾಗಿ ಇಸವಿ ಹೇಳುವುದು ಹೇಗೆ? ಮರವೇ ಹೇಳುತ್ತದೆ. ಓಕ್ ಮರ ವರ್ಷಕ್ಕೊಂದು ಬಳೆ ಬೆಳೆಯುತ್ತದೆ. ಒಳ್ಳೆ ವರ್ಷದಲ್ಲಿ ಅಗಲದ ಬಳೆ, ಕೆಟ್ಟ ವರ್ಷದಲ್ಲಿ ಸಪೂರ ಬಳೆ. ಒಂದು ಸೀಮೆಯ ಓಕ್ ಮರಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಳೆ ಬಿಸಿಲು ಕಂಡಿರುತ್ತವೆ, ಹಾಗಾಗಿ ಅಗಲ–ಸಪೂರದ ಸಾಲು ಎಲ್ಲದರಲ್ಲೂ ಹೊಂದಿಕೆಯಾಗುತ್ತದೆ. ತೊಲೆಯಿಂದ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಕೊರೆದು ತೆಗೆದು, ಇಸವಿ ಗೊತ್ತಿರುವ ಸಾಲಿನ ಪಕ್ಕ ಇಟ್ಟು ನೋಡುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಆಗಿನ ಬಡಗಿಗಳು ಓಕ್ ಮರವನ್ನು ಒಣಗಿಸಿ ಇಡುತ್ತಿರಲಿಲ್ಲ, ಹಸಿಯಾಗಿಯೇ ಬಳಸುತ್ತಿದ್ದರು. ಒಣಗಿದ ಓಕ್ ಕಬ್ಬಿಣದ ಹಾಗೆ, ಉಳಿಗೆ ಬಗ್ಗುವುದಿಲ್ಲ. ಹಾಗಾಗಿ ಮರ ಕಡಿದ ಕಾಲ, ಮನೆ ಎದ್ದ ಕಾಲ ಬಹುತೇಕ ಒಂದೇ.

ಇನ್ನು ಚೌಕಟ್ಟಿನ ಕಡೆ ಬರೋಣ. ಈ ಮನೆಯ ಬೆನ್ನೆಲುಬು ಅದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾಡಿನಲ್ಲಿ ಬಾಗಿ ಬೆಳೆದ ಒಂದು ಓಕ್ ಮರವನ್ನು ಹುಡುಕುತ್ತಾರೆ. ಅದನ್ನು ಉದ್ದಕ್ಕೆ ಸರಿಯಾಗಿ ಎರಡು ಸೀಳು ಮಾಡುತ್ತಾರೆ. ಒಂದೇ ಮರದ ಎರಡು ಸೀಳು, ಆದ್ದರಿಂದ ಎರಡರ ಬಾಗೂ ಒಂದೇ ಥರ. ಅವನ್ನು ಎದುರುಬದುರು ನಿಲ್ಲಿಸಿ ತುದಿ ಕೂಡಿಸಿದರೆ ಎರಡು ಕೈ ಮುಗಿದಂತೆ ಕಾಣುತ್ತದೆ. ಬುಡ ನೆಲದ ಹತ್ತಿರ, ತುದಿ ಮಾಡಿನ ನೆತ್ತಿಯಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ರಕ್’ ಅನ್ನುತ್ತಾರೆ. ವೆಲ್ಷ್ ಭಾಷೆಯಲ್ಲಿ ‘ನೆನ್ಫೋರ್ಖ್’, ಅಂದರೆ ಸೂರಿನ ಕವಲು. ಎರಡು ಕಾಲುಗಳ ನಡುವೆ ಅಡ್ಡ ತೊಲೆ ಹಾಕಿದರೆ ಇಡೀ ಜೋಡಿ ಇಂಗ್ಲಿಷಿನ ‘ಎ’ ಅಕ್ಷರದ ಹಾಗೆ ಆಗುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ.

ಇದರ ಜಾಣತನ ಏನು ಗೊತ್ತಾ? ಮಾಡಿನ ಭಾರವೆಲ್ಲ ಈ ಬಾಗಿದ ಕಾಲುಗಳ ಮೂಲಕ ನೇರವಾಗಿ ನೆಲಕ್ಕೆ ಇಳಿದುಬಿಡುತ್ತದೆ. ಗೋಡೆ ಏನನ್ನೂ ಹೊರಬೇಕಿಲ್ಲ. ಅದಕ್ಕೇ ಗೋಡೆ ಬರೀ ತಡಿಕೆಯಾದರೂ ನಡೆಯುತ್ತದೆ. ಓಕ್ ಗೂಟಗಳ ನಡುವೆ ಹೇಜಲ್ ಗಿಡದ ಬಳುಕುವ ಕಡ್ಡಿಗಳನ್ನು ಬುಟ್ಟಿ ಹೆಣೆದಂತೆ ಹೆಣೆದು, ಎರಡೂ ಕಡೆಯಿಂದ ಮಣ್ಣು ಮೆತ್ತುತ್ತಾರೆ. ಬಿರುಕು ಬಿಡದಿರಲಿ ಅಂತ ಇಂಥ ಮಣ್ಣಿಗೆ ಹುಲ್ಲು, ಸಗಣಿ ಸೇರಿಸಿ ಕಲಸುವುದು ರೂಢಿ. ಇದನ್ನು ಓದುವಾಗ ನಮ್ಮ ಕಡೆಯ ಮಣ್ಣಿನ ಮನೆಗಳಲ್ಲಿ ಬೆಳೆದವರಿಗೆ ಹೊಸದು ಅನಿಸುವುದಿಲ್ಲ. ಗೋಡೆಯ ಮಣ್ಣು ಉದುರಿದರೆ ಮತ್ತೆ ಮೆತ್ತಿದರಾಯಿತು. ಮನೆಗೇನೂ ಆಗುವುದಿಲ್ಲ, ಯಾಕೆಂದರೆ ಮನೆ ನಿಂತಿರುವುದು ಗೋಡೆಯ ಮೇಲೆ ಅಲ್ವಲ್ಲ.

ಹತ್ತಿರ ಹೋಗಿ ಒಂದು ಕೂಡನ್ನು ನೋಡಿ. ತೊಲೆಯ ತುದಿಯನ್ನು ನಾಲಗೆಯ ಹಾಗೆ ಕೆತ್ತಿ ಇನ್ನೊಂದು ತೊಲೆಯ ಬಾಯಿಗೆ ಕೂರಿಸಿರುತ್ತಾರೆ. ಎರಡನ್ನೂ ತೂರಿಕೊಂಡು ಒಂದು ಮರದ ಗೂಟ ಹೋಗುತ್ತದೆ. ಬೈರಿಗೆ ಹಾಕುವಾಗ ಬಡಗಿ ಬೇಕೆಂದೇ ಒಂದು ಸಣ್ಣ ತಪ್ಪು ಮಾಡುತ್ತಾನೆ. ನಾಲಗೆಯ ತೂತನ್ನು ಒಂದು ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಕೊರೆಯುತ್ತಾನೆ. ಗೂಟ ಬಡಿದಾಗ ಅದು ಆ ಓರೆಯಲ್ಲಿ ನುಗ್ಗಬೇಕು, ನುಗ್ಗುವಾಗ ಎರಡು ತೊಲೆಗಳನ್ನೂ ಜಗ್ಗಿ ಬಿಗಿ ಮಾಡುತ್ತದೆ. ಮರ ಹಸಿಯಾಗಿರುತ್ತದೆ ಅಂದೆನಲ್ಲ, ಅದು ವರ್ಷಗಟ್ಟಲೆ ಒಣಗುತ್ತಾ ಕುಗ್ಗುತ್ತದೆ. ಆಗಲೂ ಕೂಡು ಸಡಿಲವಾಗದಿರುವುದಕ್ಕೆ ಈ ಓರೆಯೇ ಕಾರಣ. ಇಂಥ ಮನೆಗಳ ಚೌಕಟ್ಟಿನಲ್ಲಿ ಕಬ್ಬಿಣದ ಮೊಳೆಗೆ ಕೆಲಸವೇ ಇಲ್ಲ.

ಈ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡುತ್ತಿದ್ದರು. ಪ್ರತಿಯೊಂದು ಕೂಡೂ ಕೈಯಲ್ಲೇ ಕೆತ್ತಿದ್ದು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಗೊಂದಲವಾಗದಿರಲಿ ಅಂತ ಬಡಗಿಗಳು ಉಳಿಯಲ್ಲಿ ಗೀರು ಹಾಕುತ್ತಿದ್ದರು. ಒಂದು ಗೀರು, ಎರಡು ಗೀರು, ಮೂರು ಗೀರು, ಹೀಗೆ ರೋಮನ್ ಅಂಕಿಗಳ ಲೆಕ್ಕ. ಆಮೇಲೆ ಬಿಚ್ಚಿ, ಮನೆ ಕಟ್ಟುವ ಜಾಗಕ್ಕೆ ತಂದು, ಮತ್ತೆ ಜೋಡಿಸಿ, ಹಗ್ಗ ಕಟ್ಟಿ ಹತ್ತಾರು ಜನ ಸೇರಿ ಎಬ್ಬಿಸಿ ನಿಲ್ಲಿಸುವುದು. ಅಂದರೆ ಈ ಥರದ ಮನೆ ಹುಟ್ಟುವಾಗಲೇ ಒಂದು ಸಲ ಬಿಚ್ಚಿ ಕಟ್ಟಿದ ಮನೆ. ಇಪ್ಪತ್ತನೇ ಶತಮಾನದಲ್ಲಿ ಹೆಂದ್ರೆರ್ ಅವಿದ್ ಮನೆಯನ್ನು ಬಿಚ್ಚಿ ದಕ್ಷಿಣದ ಸೇಂಟ್ ಫ್ಯಾಗನ್ಸ್‌ಗೆ ತಂದು ಮತ್ತೆ ಎಬ್ಬಿಸಲು ಸಾಧ್ಯವಾದದ್ದು ಇದರಿಂದಲೇ.

ಎರಡು ಕ್ರಕ್ ಜೋಡಿಗಳ ನಡುವಿನ ಜಾಗಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ, ಅಂಕಣ. ‘ಎಷ್ಟು ಅಂಕಣದ ಮನೆ?’ ಅಂತ ಹಳಬರು ಕೇಳುತ್ತಾರಲ್ಲ, ಅಲ್ಲೂ ಅದೇ ಅಳತೆ. ಬಾಗಿದ ಮರ ಎಷ್ಟು ಅಗಲವನ್ನು ದಾಟಬಲ್ಲದೋ ಮನೆಯ ಅಗಲ ಅಷ್ಟೇ, ಒಂದೇ ಕೋಣೆಯ ಅಗಲ. ಅದನ್ನು ಹಿಗ್ಗಿಸಲು ಆಗುವುದಿಲ್ಲ. ಜಾಸ್ತಿ ಜಾಗ ಬೇಕಾದರೆ ಉದ್ದಕ್ಕೆ ಒಂದು ಅಂಕಣ ಸೇರಿಸಬೇಕು. ಹಾಗಾಗಿ ಈ ಮನೆಗಳು ರೈಲುಡಬ್ಬಿಯ ಹಾಗೆ ಉದ್ದ, ಸಪೂರ.

ಆ ಉದ್ದದಲ್ಲಿ ಒಂದು ಕ್ರಮ ಇರುತ್ತದೆ. ನಡುವೆ ಒಲೆ ಇರುವ ಹಜಾರ, ಇದೇ ಮನೆಯ ಜೀವ. ಹಜಾರದ ಆಚೆ ಮೇಲಿನ ತುದಿಯಲ್ಲಿ ಮಲಗುವ ಕೋಣೆ. ಈಚೆ ಕೆಳಗಿನ ತುದಿಯಲ್ಲಿ ದನ. ಮೇಲೆ, ಕೆಳಗೆ ಅನ್ನುವುದು ಮಾತಿಗಲ್ಲ, ನಿಜವಾಗಿಯೂ ಮೇಲೆ ಕೆಳಗೆ. ವೇಲ್ಸ್‌ನಲ್ಲಿ ಇಂಥ ಎಷ್ಟೋ ಮನೆಗಳನ್ನು ಇಳಿಜಾರಿಗೆ ಅಡ್ಡವಾಗಿ ಕಟ್ಟದೆ, ಇಳಿಜಾರಿನ ಉದ್ದಕ್ಕೇ ಕಟ್ಟಿದ್ದಾರೆ. ಕೊಟ್ಟಿಗೆ ತಗ್ಗಿನ ಕಡೆ ಇದ್ದರೆ ಗಂಜಲ ಹರಿದು ಆಚೆ ಹೋಗುತ್ತದೆ, ಹಜಾರಕ್ಕೆ ಬರುವುದಿಲ್ಲ. ಎತ್ತರದ ತುದಿ ಯಜಮಾನನದು, ಗೌರವದ ಜಾಗ. ಅವನ ಮೇಜು ಅಲ್ಲಿ, ಬಾಗಿಲಿನ ಗಾಳಿಯಿಂದ ದೂರ.

ದನದ ಜೊತೆ ಒಂದೇ ಸೂರಿನಡಿ ಇರುವುದನ್ನು ಬಡತನ ಅಂದುಕೊಳ್ಳುವವರಿದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಓಕ್ ಮರದಲ್ಲಿ ಇಷ್ಟು ದೊಡ್ಡ ಚೌಕಟ್ಟು ಮಾಡಿಸಲು ಕೈಯಲ್ಲಿ ಕಾಸು ಬೇಕು. ಈ ಮನೆ ಕಟ್ಟಿಸಿದವನು ಅನುಕೂಲಸ್ಥ ರೈತನೇ. ಅವನ ಅನುಕೂಲವೆಲ್ಲ ಬಂದದ್ದು ದನದಿಂದ. ವೆಲ್ಷ್ ಭಾಷೆಯಲ್ಲಿ ‘ದಾ’ ಅಂದರೆ ಆಸ್ತಿಯೂ ಹೌದು, ದನವೂ ಹೌದು. ನಮ್ಮ ‘ದನ’ ಪದ ಕೂಡ ‘ಧನ’ದಿಂದಲೇ ಬಂದದ್ದು ಅಲ್ವಾ? ಆಸ್ತಿಯನ್ನು ಚಳಿಗಾಲದ ರಾತ್ರಿ ಹೊರಗೆ ಬಿಟ್ಟು ಯಾರು ತಾನೇ ನಿದ್ದೆ ಮಾಡುತ್ತಾರೆ. ಮಂಜು ಸುರಿಯುವಾಗ ಮೇವು ಹಾಕಲು ಆಚೆ ಹೋಗಬೇಕಿಲ್ಲ, ಕಳ್ಳರ ಭಯ ಇಲ್ಲ, ಜೊತೆಗೆ ದನಗಳ ಮೈ ಬಿಸಿ ಮನೆಗೂ ಸಿಗುತ್ತದೆ. ಎಲ್ಲ ಮನೆಗಳ ಕೆಳಗಿನ ತುದಿಯಲ್ಲೂ ಕೊಟ್ಟಿಗೆಯೇ ಇತ್ತು ಅಂತ ಅಲ್ಲ. ಕೆಲವು ಕಡೆ ಅದು ಉಗ್ರಾಣವೋ ಹಾಲು ಬೆಣ್ಣೆಯ ಕೋಣೆಯೋ ಆಗಿರುತ್ತಿತ್ತು.

ಈಗ ಮತ್ತೆ ಹೊಗೆಗೆ ಬರೋಣ. ನಡುವಿನ ಒಲೆಯ ಹೊಗೆ ಬಿಸಿಯಾಗಿ ಮೇಲೇರುತ್ತದೆ. ಮಾಡಿನ ಕೆಳಗೆ ಮೋಡದ ಹಾಗೆ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ನಿಧಾನವಾಗಿ ಹುಲ್ಲಿನ ಸಂದಿಯಲ್ಲಿ, ಗಾಜಿಲ್ಲದ ಕಿಟಕಿಯ ಮರದ ಸರಳುಗಳ ನಡುವೆ ಸೋರಿ ಹೋಗುತ್ತದೆ. ಮಾಡು ಎತ್ತರ ಇದ್ದಷ್ಟೂ ಆ ಮೋಡ ತಲೆಯಿಂದ ಮೇಲೆ ಇರುತ್ತದೆ. ಕುಳಿತವರಿಗೆ ಪರವಾಗಿಲ್ಲ, ನಿಂತವರ ಕಣ್ಣು ಉರಿಯುತ್ತದೆ. ಇಲ್ಲಿ ಮಹಡಿ ಹಾಕಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಹೊಗೆಗೆ ಹೋಗಲು ಜಾಗವಿಲ್ಲದೆ ಕೆಳಗೇ ಸುತ್ತುತ್ತದೆ, ಮೇಲೆ ಮಲಗಿದವರ ಉಸಿರು ಕಟ್ಟುತ್ತದೆ. ನಡುವೆ ಒಲೆ ಇರುವವರೆಗೂ ಹಜಾರದ ಮೇಲೆ ಮಹಡಿ ಹಾಕಲು ಆಗುವುದೇ ಇಲ್ಲ.

ಹಾಗಂತ ಆ ಒಲೆಯನ್ನು ಹಳೇ ಕಾಲದ ಕಷ್ಟ ಅಂತ ತಳ್ಳಿಹಾಕಬಾರದು. ನಡುವಿನ ಬೆಂಕಿಯ ಶಾಖ ನಾಲ್ಕೂ ದಿಕ್ಕಿಗೆ ಸಿಗುತ್ತದೆ, ಇಡೀ ಮನೆಯವರು ಸುತ್ತ ಕೂರಬಹುದು. ಹೊಗೆಗೆ ಮಾಡಿನ ಮರ, ಹುಲ್ಲು ಒಣಗಿರುತ್ತವೆ, ಹುಳ ಹತ್ತುವುದು ಕಡಿಮೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಸಿ ವಸ್ತು ಕಾಪಾಡುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಹದಿನಾರನೇ ಶತಮಾನದಲ್ಲಿ ವೇಲ್ಸ್‌ನ ರೈತರು ಒಬ್ಬರ ಹಿಂದೆ ಒಬ್ಬರು ಚಿಮಣಿ ಕಟ್ಟಲು ಶುರು ಮಾಡಿದರು. ಹೊಗೆಯನ್ನು ಕಲ್ಲಿನ ಗೂಡಿನಲ್ಲಿ ಹಿಡಿದು ನೇರ ಮೇಲಕ್ಕೆ ಕಳಿಸಿಬಿಟ್ಟರೆ ಮಾಡಿನ ಕೆಳಗಿನ ಜಾಗವೆಲ್ಲ ಖಾಲಿ! ಅಲ್ಲಿ ಹಲಗೆ ಹಾಸಿದರೆ ಮಹಡಿ. ಮಹಡಿ ಬಂದರೆ ಮೆಟ್ಟಿಲು. ಮೆಟ್ಟಿಲು ಬಂದರೆ ಪ್ರತ್ಯೇಕ ಕೋಣೆಗಳು, ಬಾಗಿಲು ಹಾಕಿಕೊಂಡು ಮಲಗುವ ಸುಖ. ಎಲ್ಲರೂ ಒಂದೇ ಬೆಂಕಿಯ ಸುತ್ತ ಇದ್ದ ಮನೆಯಲ್ಲಿ ಯಜಮಾನ, ಆಳು, ಮಕ್ಕಳು ಬೇರೆ ಬೇರೆ ಕಡೆ ಹರಡಿಕೊಂಡರು. ಚಿಮಣಿ ತಂದ ಬದಲಾವಣೆಗಳಲ್ಲಿ ಇದು ಬಹಳ ದೊಡ್ಡದು ಅಂತ ನನ್ನ ಅನಿಸಿಕೆ.

ಆದರೆ ಚಿಮಣಿಯನ್ನು ಎಲ್ಲಿ ಕಟ್ಟಬೇಕು? ಇದಕ್ಕೆ ವೇಲ್ಸ್‌ನ ಬೇರೆ ಬೇರೆ ಸೀಮೆಗಳು ಬೇರೆ ಬೇರೆ ಉತ್ತರ ಕೊಟ್ಟವು. ಮನೆ ನೋಡಿ ಇದು ಯಾವ ಕಡೆಯದು ಅಂತ ತಿಳಿದವರು ಹೇಳುವುದು ಇದರ ಮೇಲೆಯೇ.

ವಾಯುವ್ಯದ ಸ್ನೋಡೋನಿಯಾ ಬೆಟ್ಟಸೀಮೆಯವರು ಮನೆಯ ತುದಿಗೋಡೆಯಲ್ಲಿ ಕಟ್ಟಿದರು. ಸೇಂಟ್ ಫ್ಯಾಗನ್ಸ್‌ನಲ್ಲೇ ಇದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ, ವೈನ್‌ವೌರ್‌ನಿಂದ ತಂದ ಅ ಗಾರೆಗ್ ವೌರ್. ಹೆಸರಿನ ಅರ್ಥ ದೊಡ್ಡ ಕಲ್ಲು. ಕಟ್ಟಿದ್ದು 1544ರಲ್ಲಿ, ಅಂದರೆ ಹೆಂದ್ರೆರ್ ಅವಿದ್ ಆಗಿ ಬರೀ 36 ವರ್ಷಕ್ಕೆ. ಒಂದರ ಮುಂದೆ ನಿಂತು, ಆಮೇಲೆ ಇನ್ನೊಂದರ ಮುಂದೆ ನಿಂತರೆ ನಡುವೆ ಕಾಲವೇ ಬದಲಾದಂತೆ ಅನಿಸುತ್ತದೆ. ದಪ್ಪ ಕಲ್ಲುಗೋಡೆ, ಎರಡು ಅಂತಸ್ತು, ಸ್ಲೇಟಿನ ಮಾಡು, ತುದಿಗಳಲ್ಲಿ ಗಟ್ಟಿಮುಟ್ಟಾದ ಚಿಮಣಿ. ಈ ಸೀಮೆಯ ಮನೆಗಳಲ್ಲಿ ಒಲೆಯ ಪಕ್ಕದ ಗೋಡೆ ದಪ್ಪದಲ್ಲೇ ಸುರುಳಿ ಸುತ್ತುವ ಕಲ್ಲಿನ ಮೆಟ್ಟಿಲು ಇರುವುದುಂಟು. ಚಿಮಣಿಗೆ ಹೇಗೂ ಅಷ್ಟೊಂದು ಕಲ್ಲು ಹಾಕಿದ್ದಾರೆ, ಅದರ ಮಗ್ಗುಲಲ್ಲೇ ಮೆಟ್ಟಿಲಿಗೂ ಜಾಗ ಮಾಡಿಕೊಂಡರು. ಮರ ಕಡಿಮೆ ಇದ್ದು, ಕಲ್ಲು ಕಾಲಿಗೆ ಎಡವುವಷ್ಟು ಇರುವ ಕಡೆ ಇದು ಸಹಜವಾದ ದಾರಿ.

ಪೂರ್ವದ ಸೆವೆರ್ನ್ ನದಿ ಕಣಿವೆಯಲ್ಲಿ ಓಕ್ ಮರ ಧಾರಾಳ. ಅಲ್ಲಿ ಮರದ ಚೌಕಟ್ಟಿನ ಮನೆಯೇ ಮುಂದುವರಿಯಿತು. ಚಿಮಣಿಯನ್ನು ಅವರು ಮನೆಯ ನಡುವೆ ಕಟ್ಟಿದರು, ಬಾಗಿಲಿಗೆ ಎದುರಾಗಿ. ಬಾಗಿಲು ತೆಗೆದರೆ ಚಿಮಣಿಯ ಪಕ್ಕೆ ಎದುರಿಗೆ ಸಿಗುತ್ತದೆ. ಅಲ್ಲೊಂದು ಪುಟ್ಟ ಜಾಗ, ಎಡಕ್ಕೆ ಒಂದು ಕೋಣೆ, ಬಲಕ್ಕೆ ಒಂದು ಕೋಣೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಒಲೆಗಳು ಎರಡೂ ಕೋಣೆಯನ್ನು ಬೆಚ್ಚಗಿಡುತ್ತವೆ. ಶಾಖ ಹೊರಗೋಡೆಯಲ್ಲಿ ಪೋಲಾಗುವುದಿಲ್ಲ. ಈ ಎಲ್ಲದರಲ್ಲಿ ಅತ್ಯಂತ ಲೆಕ್ಕಾಚಾರದ ನಕ್ಷೆ ಇದೇ ಅಂತ ನನಗೆ ಅನಿಸುತ್ತದೆ.

ದಕ್ಷಿಣದಲ್ಲಿ, ನಡುಸೀಮೆಯ ಬೆಟ್ಟಗಳಲ್ಲಿ ದನದ ಜೊತೆಗಿನ ಹಳೇ ಉದ್ದಮನೆಯ ನೆನಪು ಗಟ್ಟಿಯಾಗಿ ಉಳಿಯಿತು. ಅವರು ಚಿಮಣಿಯನ್ನು ಹಜಾರ ಮತ್ತು ಬಾಗಿಲಿನಿಂದ ಮನೆಯನ್ನು ಅಡ್ಡಕ್ಕೆ ಹಾಯುವ ಓಣಿಯ ನಡುವೆ ಎಬ್ಬಿಸಿದರು, ಅದರ ಬೆನ್ನು ಆ ಓಣಿಗೆ. ಬಾಗಿಲಿನಿಂದ ಒಳಗೆ ಬಂದವರು ಒಲೆಯ ಬೆನ್ನು ಬಳಸಿಕೊಂಡು ಹಜಾರಕ್ಕೆ ಹೋಗಬೇಕು. ರೇಯಡರ್ ಊರಿನ ಆಚೆಯ ಕ್ಲೇರ್ವೆನ್ ಕಣಿವೆಯಿಂದ ತಂದ ಕಿಲೆವೆಂಟ್ ಮನೆಯಲ್ಲಿ ಉದ್ದಮನೆ ಹೇಗಿರುತ್ತಿತ್ತು ಅಂತ ನೋಡಬಹುದು. ಅದರ ಮೊದಲ ರೂಪ ಹದಿನೈದನೇ ಶತಮಾನದ್ದು, ಮರದ್ದು. 1734ರಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿದಾಗಲೂ ದನ ಮತ್ತು ಜನ ಒಂದೇ ಸೂರಿನ ಅಡಿಯಲ್ಲೇ ಉಳಿದರು.

ಗೋವರ್ ಪರ್ಯಾಯದ್ವೀಪದ ಲ್ಯಾಂಗೆನಿತ್‌ನಿಂದ ಬಂದ ಕೆನಿಕ್ಸ್ಟನ್ ಮನೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1610ರಲ್ಲಿ ಶುರುವಾದ ಮನೆ, ಆಮೇಲೆ ಒಂದೊಂದೇ ಭಾಗ ಸೇರುತ್ತಾ ಬೆಳೆಯಿತು. ಹೊರಗೋಡೆಗೆ ಕಣ್ಣು ಕುಕ್ಕುವ ಕೆಂಪು ಬಣ್ಣ. ಕೆಂಪು ಕೆಟ್ಟ ಗಾಳಿಯನ್ನು ದೂರ ಇಡುತ್ತದೆ ಅನ್ನುವ ನಂಬಿಕೆ. ಒಳಗೆ ಒಲೆಯ ಪಕ್ಕದಲ್ಲೇ ಕಪಾಟಿನ ಹಾಗೆ ಒಂದು ಮಂಚ, ಮೂರು ಕಡೆ ಮರದ ಹಲಗೆ. ಬೆಂಕಿಯ ಕಾವು ಹಲಗೆಗೆ ತಾಗಿ ಹಾಸಿಗೆ ಬೆಚ್ಚಗಿರುತ್ತದೆ. ಮನೆಯಲ್ಲಿ ಯಾರಿಗೆ ಆ ಮಂಚ ಸಿಗುತ್ತಿತ್ತೋ ಅವರ ಬಗ್ಗೆ ಉಳಿದವರಿಗೆ ಹೊಟ್ಟೆಕಿಚ್ಚು ಆಗದೇ ಇದ್ದೀತಾ!

ಈ ಮನೆಗಳೆಲ್ಲ ಒಂದು ಕಡೆ ಸೇರಿದ್ದಕ್ಕೆ ಯೋರ್ವರ್ತ್ ಪೀಟ್ ಅವರಿಗೆ ಕೃತಜ್ಞತೆ ಹೇಳಬೇಕು. ಬಡಗಿಗಳ ಮನೆತನದಲ್ಲಿ ಹುಟ್ಟಿದವರು. ಸ್ವೀಡನ್ನಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದ ಮಾದರಿಯಲ್ಲಿ, ಸಾಮಾನ್ಯ ಜನರ ಮನೆಗಳನ್ನೇ ತಂದು ನಿಲ್ಲಿಸುವ ವಸ್ತುಸಂಗ್ರಹಾಲಯ ವೇಲ್ಸ್‌ನಲ್ಲೂ ಬೇಕು ಅಂತ ಹಟ ಹಿಡಿದರು. 1948ರಲ್ಲಿ ಸೇಂಟ್ ಫ್ಯಾಗನ್ಸ್ ಜನರಿಗೆ ತೆರೆಯಿತು. ಇವತ್ತು ಅಲ್ಲಿ 40ಕ್ಕೂ ಹೆಚ್ಚು ಕಟ್ಟಡಗಳಿವೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಪ್ರತಿ ಕಲ್ಲು, ಪ್ರತಿ ತೊಲೆಗೆ ನಂಬರು ಹಾಕಿ, ಬಿಚ್ಚಿ, ಸಾಗಿಸಿ, ಮತ್ತೆ ಕೂರಿಸುವ ಕೆಲಸ. ಒಂದು ಕೊರಗು ಮಾತ್ರ ನನಗಿದೆ. ಮನೆಯನ್ನು ತರಬಹುದು, ಅದು ಮಲಗಿದ್ದ ಇಳಿಜಾರನ್ನು, ಎದುರಿಗಿದ್ದ ಬೆಟ್ಟವನ್ನು ತರಲಾಗುವುದಿಲ್ಲ. ಆದರೆ ತರದೇ ಹೋಗಿದ್ದರೆ ಇವುಗಳಲ್ಲಿ ಎಷ್ಟೋ ಮನೆಗಳು ಬಿದ್ದುಹೋಗಿರುತ್ತಿದ್ದವು ಅನ್ನುವುದೂ ನಿಜ.

ಹೆಂದ್ರೆರ್ ಅವಿದ್ ಥರದ ಎಷ್ಟೋ ಮನೆಗಳು ಇನ್ನೂ ಅವು ಹುಟ್ಟಿದ ಜಾಗದಲ್ಲೇ ಇವೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಬ್ಬ ಮೊಮ್ಮಗ ಚಿಮಣಿ ಕಟ್ಟಿಸಿದ, ಅವನ ಮೊಮ್ಮಗ ಮಹಡಿ ಹಾಕಿಸಿದ, ಇನ್ಯಾರೋ ಮಣ್ಣಿನ ಗೋಡೆ ತೆಗೆದು ಕಲ್ಲು ಕಟ್ಟಿಸಿದರು, ಹುಲ್ಲು ಹೋಗಿ ಸ್ಲೇಟು ಬಂತು. ಈಗ ಅದು ನೋಡಲು ಸಾದಾ ರೈತನ ಮನೆ. ಇಂಥ ಮನೆಗಳನ್ನು ಪತ್ತೆ ಹಚ್ಚಲು ಬರುವವರು ಹಜಾರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಟಾರ್ಚ್ ಹಿಡಿದು ಅಟ್ಟ ಹತ್ತುತ್ತಾರೆ. ಜೇಡರ ಬಲೆ ಸರಿಸಿ, ಮಾಡಿನ ನೆತ್ತಿಯಲ್ಲಿ ಕೂಡಿಕೊಂಡ ಬಾಗಿದ ಎರಡು ತೊಲೆಗಳನ್ನು ಹುಡುಕಿ, ಅದರ ಮೇಲೆ ಬೆರಳು ಎಳೆಯುತ್ತಾರೆ. ಯಾವ ಒಲೆಯೂ ಇಲ್ಲದ ಆ ಅಟ್ಟದಲ್ಲಿ ಬೆರಳಿಗೆ ಕಪ್ಪು ಮಸಿ ಹತ್ತಿದರೆ ಸಾಕು. ಕೆಳಗೆ ಹಜಾರದ ನಡುವೆ ಒಂದು ಕಾಲದಲ್ಲಿ ಬೆಂಕಿ ಉರಿಯುತ್ತಿತ್ತು.